ಓದು ಹತ್ತದ ಮಗುವಿನ ಕೈ ಹಿಡಿಯೋಣ



ಆಗಸ್ಟ್ 4, ಧರ್ಮಕೇಂದ್ರದ ಗುರುಗಳ ಪಾಲಕರಾದ ಸಂತ ಜಾನ್ ಮರಿಯ ವಿಯಾನ್ನಿಯವರ ಹಬ್ಬ. ರೈತನ ಮಗನಾದ ಅವರಿಗೆ ಲತೀನ್ ಭಾಷೆ ತಲೆಗೆ ಹತ್ತಲಿಲ್ಲ. ಲಿಯೋನ್ ಗುರುಮಠದಿಂದ ಹಿಂದಕ್ಕೆ ಕಳುಹಿಸಿದರು. ಬಾಲೆ ಎಂಬ ಗುರುಗಳು ಮಾತ್ರ ಕೈಬಿಡದೆ, ಪಕ್ಕದಲ್ಲಿ ಕೂರಿಸಿಕೊಂಡು ಮಾತೃಭಾಷೆಯಲ್ಲೇ ಪಾಠ ಹೇಳಿದರು. 1815ರಲ್ಲಿ ವಿಯಾನ್ನಿ ಗುರುದೀಕ್ಷೆ ಪಡೆದರು.

ಶಾಗ್ಯದ ತಂದೆಯೊಬ್ಬರು ನಾಲ್ಕನೇ ತರಗತಿಯ ಮಗನನ್ನು ಕರೆತಂದು, "ಇವುನ್ಗೆ ವಿದ್ಯೆ ಹತ್ತಲ್ಲ ಸ್ವಾಮಿ, ಸ್ಕೂಲು ಬುಡುಸ್ಬುಡ್ತೀನಿ" ಎಂದರು. ಹುಡುಗ ನೆಲ ನೋಡುತ್ತಿದ್ದ. ಜ್ಞಾನೋಪದೇಶದ ತರಗತಿಯಲ್ಲಿ ಪ್ರಾರ್ಥನೆ ಓದಲಿಲ್ಲವೆಂದು ಅವನನ್ನು ಎಲ್ಲರೆದುರು ನಿಲ್ಲಿಸಿದ್ದವನು ನಾನೇ. ಅಂದು ಬಾಯಿಮಾತಿನಲ್ಲಿ ಒಂದು ಕಥೆ ಹೇಳಿದೆ. ಒಂದೂ ಬಿಡದೆ ತಿರುಗಿ ಹೇಳಿದ! ಪುಸ್ತಕ ಕೊಟ್ಟರೆ ಮ-ವ, ಪ-ಷ ಕಲಸಿಹೋಗುತ್ತವೆ, ಒತ್ತಕ್ಷರ ಬಂದಲ್ಲಿ ನಿಂತುಬಿಡುತ್ತಾನೆ.

ಇದು ದಡ್ಡತನವಲ್ಲ, ಸೋಮಾರಿತನವೂ ಅಲ್ಲ. ಬುದ್ಧಿ ಚುರುಕಾಗಿದ್ದರೂ ಓದು, ಬರಹ, ಲೆಕ್ಕಗಳಲ್ಲಿ ಒಂದು ಅಥವಾ ಹೆಚ್ಚು ಕಷ್ಟವಾಗುವ ಕಲಿಕಾ ನ್ಯೂನತೆ ಇರಬಹುದು. ಇನ್ನು ಕೆಲವು ಮಕ್ಕಳಿಗೆ ಗಮನ ನಿಲ್ಲುವುದಿಲ್ಲ. ಮನೆ, ಶಾಲೆ ಎರಡೂ ಕಡೆ ಆರು ತಿಂಗಳಿಗಿಂತ ಹೆಚ್ಚು ಕಾಲ ಹೀಗೇ ಇದ್ದರೆ ಅದನ್ನು ತುಂಟತನವೆಂದು ತಳ್ಳಿಹಾಕಬಾರದು.

ಆದರೆ ಆತುರ ಬೇಡ. ಮೊದಲು ಕಣ್ಣು, ಕಿವಿ ಪರೀಕ್ಷಿಸಿ. ಹೆತ್ತವರು ಕೂಲಿಗಾಗಿ ವಲಸೆ ಹೋದಾಗ ಪಾಠ ತಪ್ಪಿದೆಯೇ? ಮಾರ್ಟಳ್ಳಿ ಕಡೆಯಂತೆ ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡವೇ? ಅದು ನ್ಯೂನತೆಯಲ್ಲ. ಕನ್ನಡದ ಕಾಗುಣಿತ, ಒತ್ತಕ್ಷರಗಳು ಎಲ್ಲ ಮಕ್ಕಳಿಗೂ ಕೈಗೂಡಲು ಕೆಲವು ವರ್ಷಗಳೇ ಬೇಕು.

ಮನೆಯಲ್ಲಿ ಏನು ಮಾಡಬಹುದು? ಹೊಡೆಯಬೇಡಿ, ಅಕ್ಕನೊಡನೆ ಹೋಲಿಸಬೇಡಿ. ದಿನಕ್ಕೆ ಹದಿನೈದು ನಿಮಿಷ ಜೊತೆಗೆ ಕುಳಿತು, ತಟ್ಟೆಯಲ್ಲಿ ರಾಗಿ ಹಿಟ್ಟು ಹರಡಿ, ಬೆರಳಿನಿಂದ ಅಕ್ಷರ ತಿದ್ದಿಸಿ, ಅದರ ಧ್ವನಿಯನ್ನು ಹೇಳಿಸಿ. ಒಂದು ಸಲಕ್ಕೆ ಒಂದೇ ಕೆಲಸ ಹೇಳಿ. ಚೆನ್ನಾಗಿ ಮಾಡಿದ್ದನ್ನು ಹೊಗಳಿ. ಶಿಕ್ಷಕರು ಮುಂದಿನ ಸಾಲಿನಲ್ಲಿ ಕೂರಿಸಿ, ಬಾಯಿಮಾತಿನಲ್ಲೂ ಪ್ರಶ್ನೆ ಕೇಳಲಿ.

ಇಷ್ಟಾದರೂ ಕಷ್ಟ ಉಳಿದರೆ ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೋ ಬೆಂಗಳೂರಿನ ನಿಮ್ಹಾನ್ಸ್‌ಗೋ ಕರೆದೊಯ್ಯಿರಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಕಲಿಕಾ ನ್ಯೂನತೆಯೂ ಸೇರಿದೆ. ಇಂಥ ಮಕ್ಕಳನ್ನು ಬೇಗ ಗುರುತಿಸಿ ನೆರವಾಗುವುದು ಶಾಲೆಗಳ ಹೊಣೆ ಎನ್ನುತ್ತದೆ ಆ ಕಾಯ್ದೆ. ಪ್ರಮಾಣಪತ್ರವಿದ್ದರೆ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯದಂಥ ರಿಯಾಯಿತಿಗಳನ್ನು ಕೇಳಬಹುದು.

ಆ ಹುಡುಗನ ಕ್ಷಮೆ ಕೇಳಿದೆ. ತಂದೆ ಶಾಲೆ ಬಿಡಿಸಲಿಲ್ಲ. ಅವನು ಈಗಲೂ ನಿಧಾನವಾಗಿಯೇ ಓದುತ್ತಾನೆ, ಆದರೆ ನೆಲ ನೋಡುವುದಿಲ್ಲ.

ಪ್ರಿಯರೇ, ಬಾಲೆಯವರು ಬೇಸತ್ತಿದ್ದರೆ ಧರ್ಮಸಭೆ ಒಬ್ಬ ಸಂತನನ್ನು ಕಳೆದುಕೊಳ್ಳುತ್ತಿತ್ತು. ನಮ್ಮ ಮನೆಯಲ್ಲಿ ತಲೆತಗ್ಗಿಸಿ ಕುಳಿತಿರುವ ಮಗುವಿಗೆ ನಾವು ಬಾಲೆಯಾಗೋಣ.