ಅಡುಗೆಮನೆಗೆ ಹೊಸ ಬಣ್ಣ: ಹಳೆಯ ದೂಳಿನ ಬಗ್ಗೆ ಎಚ್ಚರ

ಹಬ್ಬವಿರಲಿ, ಮದುವೆಯಿರಲಿ, ಮನೆಗೆ ಬಣ್ಣ ಹೊಡೆಸುವ ಮಾತು ಬಂದಾಗ ಮೊದಲು ನೆನಪಾಗುವುದು ಅಡುಗೆಮನೆ. ಒಗ್ಗರಣೆಯ ಹೊಗೆ, ಎಣ್ಣೆಯ ಜಿಡ್ಡು ಸೇರಿ ಅಲ್ಲಿನ ಗೋಡೆ ಬೇಗ ಮಂಕಾಗುತ್ತದೆ. ಹೊಸ ಬಣ್ಣದ ವಾಸನೆಗೆ ಎಲ್ಲರೂ ಹೆದರುತ್ತಾರೆ. ಆದರೆ ಹಳೆಯ ಬಣ್ಣ ಕೆರೆಯುವಾಗ ಏಳುವ ದೂಳು ಅದಕ್ಕಿಂತ ಅಪಾಯಕಾರಿ. ಅದರಲ್ಲಿ ಸೀಸ ಇರಬಹುದು.

ಬಣ್ಣ ಬೇಗ ಒಣಗಲಿ, ಹೊಳಪು ಉಳಿಯಲಿ, ಕಬ್ಬಿಣ ತುಕ್ಕು ಹಿಡಿಯದಿರಲಿ ಎಂದು ಎಣ್ಣೆಬಣ್ಣಗಳಿಗೆ ಸೀಸದ ಸಂಯುಕ್ತಗಳನ್ನು ಬೆರೆಸುವುದು ರೂಢಿಯಲ್ಲಿತ್ತು. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂಬ ಕೇಂದ್ರ ಸರ್ಕಾರದ ನಿಯಮ 2016ರಲ್ಲಿ ಪ್ರಕಟವಾಗಿ, 2017ರ ನವೆಂಬರ್ 1ರಿಂದ ಜಾರಿಗೆ ಬಂತು. ಅದಕ್ಕೂ ಮೊದಲು ಎಣ್ಣೆಬಣ್ಣ ಬಳಿದ ಬಾಗಿಲು, ಕಿಟಕಿಯ ಸರಳು, ಕಪಾಟು, ಗೋಡೆಗಳಲ್ಲಿ ಸೀಸ ಇದೆಯೆಂದೇ ತಿಳಿದು ಎಚ್ಚರ ವಹಿಸುವುದು ಲೇಸು.

ಸೀಸದಿಂದ ಹೆಚ್ಚು ಹಾನಿ ಪುಟ್ಟ ಮಕ್ಕಳಿಗೆ. ಅವರು ನೆಲದಲ್ಲಿ ಆಡಿ, ಅದೇ ಕೈಯನ್ನು ಬಾಯಿಗೆ ಹಾಕುತ್ತಾರೆ. ಹೊಟ್ಟೆಗೆ ಹೋದ ಸೀಸವನ್ನು ಮಕ್ಕಳ ದೇಹ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳಬಲ್ಲದು. ರಕ್ತಹೀನತೆ, ಹೊಟ್ಟೆನೋವು, ಮಲಬದ್ಧತೆ ಕಾಣಿಸಬಹುದು. ಬುದ್ಧಿಯ ಬೆಳವಣಿಗೆ, ಕಲಿಕೆ, ಏಕಾಗ್ರತೆ ಕುಗ್ಗಬಹುದು. ಎಷ್ಟೋ ಸಲ ಯಾವ ಲಕ್ಷಣವೂ ಹೊರಗೆ ಕಾಣುವುದಿಲ್ಲ. ಮೆದುಳಿಗೆ ಆದ ಹಾನಿ ಸರಿಹೋಗದೇ ಉಳಿಯಬಹುದು. ಗರ್ಭಿಣಿಯ ರಕ್ತದಿಂದ ಸೀಸ ಮಗುವಿಗೂ ದಾಟುತ್ತದೆ. ಇಷ್ಟಿದ್ದರೆ ಅಪಾಯವಿಲ್ಲ ಎನ್ನಬಹುದಾದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಹಾಗೆಂದು ಬಣ್ಣ ಹೊಡೆಸುವುದೇ ಬೇಡ ಎಂದಲ್ಲ. ಈ ಕ್ರಮಗಳನ್ನು ಪಾಲಿಸಿ:

* ಗಟ್ಟಿಯಾಗಿ ಅಂಟಿಕೊಂಡಿರುವ ಹಳೆಯ ಬಣ್ಣವನ್ನು ಸುಮ್ಮನೆ ಕೆರೆಯಿಸಬೇಡಿ. ಜಿಡ್ಡನ್ನು ಸೋಪಿನ ನೀರಿನಿಂದ ತೊಳೆದು, ಮೇಲೆ ಹೊಸ ಬಣ್ಣ ಹೊಡೆಸಿ.
* ಕೆರೆಯಲೇಬೇಕಾದರೆ ನೀರು ಚಿಮುಕಿಸಿ, ಒದ್ದೆಯಾಗಿಯೇ ಉಜ್ಜಿಸಿ. ಬೆಂಕಿಯಿಂದ ಸುಟ್ಟು ತೆಗೆಸಬೇಡಿ. ಆ ಹೊಗೆ ಇನ್ನೂ ಕೆಟ್ಟದ್ದು.
* ಪಾತ್ರೆ, ದಿನಸಿ, ಕುಡಿಯುವ ನೀರನ್ನು ಬೇರೆ ಕೋಣೆಗೆ ಸಾಗಿಸಿ. ಕೆಲಸ ಮುಗಿಯುವವರೆಗೆ ಮಕ್ಕಳು, ಗರ್ಭಿಣಿಯರು ಅತ್ತ ಸುಳಿಯಬಾರದು. ಸಾಧ್ಯವಾದರೆ ನೆಂಟರ ಮನೆಯಲ್ಲಿರಲಿ.
* ಒಣ ಪೊರಕೆಯಿಂದ ಗುಡಿಸಬೇಡಿ. ಒದ್ದೆ ಬಟ್ಟೆಯಿಂದ ಒರೆಸಿ, ಚೂರುಗಳನ್ನು ಚೀಲದಲ್ಲಿ ಕಟ್ಟಿ ಹಾಕಿ.
* ಬಣ್ಣ ಹೊಡೆಯುವವರ ಆರೋಗ್ಯವೂ ಮುಖ್ಯ. ಅವರಿಗೆ ಎನ್-95 ಮುಖಗವಸು ಕೊಡಿ. ಊಟಕ್ಕೆ ಮುನ್ನ ಕೈ, ಮುಖ ಸೋಪಿನಿಂದ ತೊಳೆಯಲು ಹೇಳಿ.
* ಹೊಸ ಡಬ್ಬಿಯ ಮೇಲೆ ಸೀಸದ ಪ್ರಮಾಣ 90 ಪಿಪಿಎಂ ಮೀರಿಲ್ಲವೆಂಬ ಮಾಹಿತಿ ಇದೆಯೇ ಎಂದು ಓದಿ ಕೊಳ್ಳಿ.

ಥಿನ್ನರ್, ಟರ್ಪೆಂಟೈನ್‌ಗಳನ್ನು ಕುಡಿಯುವ ನೀರಿನ ಬಾಟಲಿಯಲ್ಲಿ ಎಂದೂ ತುಂಬಿಡಬೇಡಿ. ಮಗು ಅಪ್ಪಿತಪ್ಪಿ ಕುಡಿದರೆ ವಾಂತಿ ಮಾಡಿಸಬಾರದು. ಅದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಅಪಾಯ. ಬಾಟಲಿಯ ಸಮೇತ ಕೂಡಲೇ ಆಸ್ಪತ್ರೆಗೆ ಧಾವಿಸಿ. ಇವು ಸುಲಭವಾಗಿ ಹೊತ್ತಿಕೊಳ್ಳುವುದರಿಂದ ಬಣ್ಣದ ಕೆಲಸ ನಡೆಯುವಾಗ ಒಲೆ ಹಚ್ಚಬೇಡಿ. ಕಿಟಕಿ ತೆರೆದಿಡಿ.

ಮಗು ಈಗಾಗಲೇ ಇಂಥ ದೂಳಿನಲ್ಲಿ ಆಡಿದ್ದರೆ, ಅಥವಾ ಉದುರಿದ ಬಣ್ಣದ ಚೂರು ತಿಂದಿದ್ದರೆ, ವೈದ್ಯರಿಗೆ ತಿಳಿಸಿ. ರಕ್ತದಲ್ಲಿ ಸೀಸ ಎಷ್ಟಿದೆಯೆಂದು ಪರೀಕ್ಷೆಯಿಂದ ಗೊತ್ತಾಗುತ್ತದೆ. ಕಬ್ಬಿಣ, ಸುಣ್ಣದ ಅಂಶ ಕಡಿಮೆಯಿರುವ ಮಕ್ಕಳ ದೇಹ ಸೀಸವನ್ನು ಹೆಚ್ಚು ಹೀರಿಕೊಳ್ಳುತ್ತದೆ. ಆದ್ದರಿಂದ ರಾಗಿ, ಸೊಪ್ಪು, ಹಾಲು, ಬೇಳೆಕಾಳು ಮಕ್ಕಳ ಊಟದಲ್ಲಿ ದಿನವೂ ಇರಲಿ.