ಕ್ಯಾಮರವನ್ನು ಬದಲಿಸುವಾಗ ಕಂಪೆನಿಗಳನ್ನು ಬೆರಸಬಹುದೋ?

ನಮ್ಮ ಶಾಲೆಯಲ್ಲಿ ಓದಿ ಹೊರಟ ವಿದ್ಯಾರ್ಥಿನಿಯರೊಳಗೆ ಕೆಲವರು ಛಾಯಾಗ್ರಹಣದ ವೃತ್ತಿಯುಳ್ಳ ಮನೆಗಳನ್ನು ಸೇರಿದ್ದಾರೆ. ಕೆಲವರು ತಂದೆಯ ಸ್ಟುಡಿಯೋವನ್ನೇ ಮುಂದೆ ನಡೆಸುತ್ತಿದ್ದಾರೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ಮೂರು ಕಡೆಗಳಲ್ಲಿಯೂ ಈ ಕಸುಬಿನವರು ಬಹುಮಂದಿ ಇರುವರೆಂಬುದಕ್ಕೆ ಸೌತ್ ಕೆನರಾ ಫೋಟೋಗ್ರಾಫರ್ಸ್ ಅಸೋಸಿಯೇಶನ್ನಿಗೆ ಇಲ್ಲೆಲ್ಲಾ ಬೇರೆ ಬೇರೆ ವಲಯಗಳಿರುವುದೇ ಸಾಕ್ಷಿ. ಇಂಥ ಮನೆಯವರು ನಮ್ಮನ್ನು ಕಾಣಬಂದಾಗ ಹೆಚ್ಚಾಗಿ ಕೇಳುವ ಪ್ರಶ್ನೆ ಒಂದುಂಟು: "ಮನೆಯಲ್ಲಿ ಹಳೆಯ ಕೆನನ್ ಕ್ಯಾಮರವೂ ಮೂರು ಲೆನ್ಸುಗಳೂ ಇವೆ, ಟೀಚರ್. ಹೊಸತನ್ನು ಕೊಳ್ಳಬೇಕಾಗಿದೆ. ಸೋನಿಯನ್ನೋ ನಿಕಾನನ್ನೋ ತಂದರೆ ಇವುಗಳೊಂದಿಗೆ ಹೊಂದುವುದೋ?"

ಇದು ಹುಡುಗಾಟಿಕೆಯ ಪ್ರಶ್ನೆಯಲ್ಲ. ಒಳ್ಳೆಯ ಕ್ಯಾಮರವೊಂದರ ಬೆಲೆ ಲಕ್ಷ ರೂಪಾಯಿಯನ್ನು ಮೀರುವುದುಂಟು. ಸಹಕಾರಿ ಸಂಘದ ಸಾಲವಿಲ್ಲದೆ ಅದನ್ನು ತರುವವರು ವಿರಳ. ಧಾರೆಯ ನೀರು ಒಂದೇ ಸಲ ಬೀಳುವುದು. ದೇವಾಲಯದಲ್ಲಿ ಉಂಗುರವನ್ನು ಒಂದೇ ಸಲ ತೊಡಿಸುವರು. ಆ ಕ್ಷಣದಲ್ಲಿ ಯಂತ್ರವು ತಡವರಿಸಿತೆಂದರೆ ಸಾಲ ಉಳಿಯುವುದು, ಗಿರಾಕಿ ಹೋಗುವರು. ಆದುದರಿಂದ ಈ ವಿಷಯವನ್ನು ಸ್ವಲ್ಪ ಬುಡದಿಂದಲೇ ವಿವರಿಸಲು ಇಚ್ಛಿಸುತ್ತೇವೆ.

ಬೆಳಕಿನ ಪಾಠವನ್ನು ಕಲಿತವರು ಒಂದು ಪ್ರಯೋಗವನ್ನು ನೆನಪಿಗೆ ತಂದುಕೊಳ್ಳಲಿ. ಕತ್ತಲೆಯ ಕೋಣೆಯಲ್ಲಿ ಮೇಣದ ಬತ್ತಿಯನ್ನು ಹಚ್ಚಿಟ್ಟು, ಭೂತಗನ್ನಡಿಯ ಹಿಂದೆ ಬಿಳಿಯ ಕಾಗದವನ್ನು ಹಿಡಿದರೆ, ಒಂದು ನಿಯಮಿತ ದೂರದಲ್ಲಿ ಮಾತ್ರ ಜ್ವಾಲೆಯ ತಲೆಕೆಳಗಾದ ಚಿತ್ರವು ಸ್ಪಷ್ಟವಾಗಿ ಮೂಡುವುದು. ಬತ್ತಿಯನ್ನು ದೂರ ಒಯ್ದಷ್ಟೂ ಕಾಗದವನ್ನು ಗಾಜಿನ ಹತ್ತಿರಕ್ಕೆ ತರಬೇಕಾಗುವುದು. ಕ್ಯಾಮರದಲ್ಲಿ ಕಾಗದದ ಸ್ಥಾನದಲ್ಲಿರುವುದು ಸೆನ್ಸರು. ಲೆನ್ಸನ್ನು ಕೂಡಿಸುವ ಲೋಹದ ಬಳೆಗೆ ಮೌಂಟ್ ಎಂದು ಹೆಸರು. ಈ ಬಳೆಗೂ ಸೆನ್ಸರಿಗೂ ನಡುವೆ ಇರುವ ದೂರವನ್ನು ಪ್ರತಿಯೊಂದು ಕಂಪೆನಿಯೂ ತನಗೆ ತಾನೇ ನಿಶ್ಚಯಿಸಿಕೊಂಡಿದೆ. ನಿಕಾನಿನ ಹಳೆಯ ಎಫ್ ಮೌಂಟಿನಲ್ಲಿ ಅದು 46.5 ಮಿಲಿಮೀಟರ್, ಕೆನನಿನ ಇಎಫ್ ಮೌಂಟಿನಲ್ಲಿ 44, ಕನ್ನಡಿಯಿಲ್ಲದ ಹೊಸ ಕ್ಯಾಮರಗಳಲ್ಲಿ ಕೆನನ್ ಆರ್‌ಎಫ್‌ಗೆ 20, ಸೋನಿ ಇ ಮೌಂಟಿಗೆ 18, ನಿಕಾನ್ ಜೆಡ್ ಮೌಂಟಿಗೆ 16.

ಈ ಅಂಕೆಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಅವುಗಳ ಅರ್ಥವನ್ನು ತಿಳಿದರೆ ಸಾಕು. ದೊಡ್ಡ ದೂರಕ್ಕಾಗಿ ಮಾಡಿದ ಲೆನ್ಸನ್ನು ಚಿಕ್ಕ ದೂರದ ಕ್ಯಾಮರಕ್ಕೆ ಕೂಡಿಸಲು ನಡುವೆ ಒಂದು ಪೊಳ್ಳು ಕೊಳವೆಯನ್ನಿಟ್ಟರಾಯಿತು. 44ರಲ್ಲಿ 20 ಕಳೆದರೆ 24. ಅಷ್ಟು ಉದ್ದದ ಕೊಳವೆಯೇ ಹಳೆಯ ಕೆನನ್ ಲೆನ್ಸನ್ನು ಹೊಸ ಕೆನನಿಗೆ ಕೂಡಿಸುವ ಅಡಾಪ್ಟರು. ಇದಕ್ಕೆ ವಿಪರೀತವಾದುದು ಆಗದು. ಹಳೆಯ ಕೆನನ್ ಲೆನ್ಸನ್ನು ಹಳೆಯ ನಿಕಾನಿಗೆ ಹೇಗಾದರೂ ಸಿಕ್ಕಿಸಿದರೆ ಅದು ಇರಬೇಕಾದುದಕ್ಕಿಂತ ಮುಂದೆ ನಿಲ್ಲುವುದು. ಆಗ ಕೈಯೆದುರಿನ ಮಲ್ಲಿಗೆಯ ಚೆಂಡು ಸ್ಪಷ್ಟವಾಗಿ ಕಾಣುವುದಲ್ಲದೆ, ಬೆಳ್ತಂಗಡಿಯಿಂದ ನೋಡಿದರೆ ಗಡಾಯಿಕಲ್ಲು ಎಂದೆಂದಿಗೂ ಮಂಜಾಗಿಯೇ ಇರುವುದು. ನಡುವೆ ಗಾಜನ್ನಿಟ್ಟು ಇದನ್ನು ಸರಿಪಡಿಸುವ ಅಡಾಪ್ಟರುಗಳೂ ಸಿಕ್ಕುತ್ತವೆ. ಆದರೆ ಒಳ್ಳೆಯ ಲೆನ್ಸಿನ ಹಿಂದೆ ಅಗ್ಗದ ಗಾಜನ್ನಿಡುವುದು ಹಾಲಿಗೆ ನೀರು ಬೆರಸಿದಂತೆಯೇ ಸರಿ.

ಕೊಳವೆ ಹೊಂದಿತೆಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಈಗಿನ ಲೆನ್ಸಿನೊಳಗೆ ಮೋಟಾರು ಇದೆ. ಅದಕ್ಕೆ ಆಜ್ಞೆ ಕೊಡುವುದು ಕ್ಯಾಮರ. ಎರಡೂ ಮಾತಾಡಿಕೊಳ್ಳುವ ಭಾಷೆ ಒಂದೊಂದು ಕಂಪೆನಿಗೆ ಒಂದೊಂದು. ಒಂದೇ ಕಂಪೆನಿಯ ಅಡಾಪ್ಟರಿನಲ್ಲಿ ಈ ಸಂಭಾಷಣೆ ಸರಾಗವಾಗಿ ನಡೆಯುವುದು. ಅನ್ಯ ಕಂಪೆನಿಯ ಲೆನ್ಸಾದರೆ ನಡುವೆ ಒಬ್ಬ ದುಭಾಷಿಯಿದ್ದಂತೆ. ಕೆನನ್ ಮೌಂಟಿನ ಲೆನ್ಸುಗಳನ್ನು ಸೋನಿಗೆ ಕೂಡಿಸಲು ಸಿಗ್ಮಾ ಕಂಪೆನಿಯು 2016ರಲ್ಲಿ ಎಂಸಿ-11 ಎಂಬ ಅಡಾಪ್ಟರನ್ನು ಹೊರತಂದಿತು. ಅದು ಮುಖ್ಯವಾಗಿ ತನ್ನದೇ ಲೆನ್ಸುಗಳಿಗಾಗಿ ಮಾಡಿದ್ದು. ಬೇರೆಯವರ ಲೆನ್ಸುಗಳ ವಿಷಯದಲ್ಲಿ ಅದು ಭರವಸೆ ಕೊಡಲಿಲ್ಲ. ಹಗಲಿನಲ್ಲಿ ಚೆನ್ನಾಗಿ ನಡೆಯುವ ಇಂಥ ಜೋಡಣೆಗಳು ಕೋಲದ ರಾತ್ರಿಯಲ್ಲಿಯೋ, ಮೂಡುಬಿದಿರೆಯ ಕಂಬಳದಲ್ಲಿ ದೀಪದ ಬೆಳಕಿನಲ್ಲಿ ನೀರನ್ನು ಸೀಳಿಕೊಂಡು ಬರುವ ಕೋಣಗಳ ಮುಂದೆಯೋ ತಬ್ಬಿಬ್ಬಾಗುವುದುಂಟು.

ಒಂದೇ ಕಂಪೆನಿಗೆ ಅಂಟಿಕೊಂಡರೆ ಈ ಚಿಂತೆಯೇ ಇಲ್ಲವೆನ್ನುವವರೂ ಇದ್ದಾರೆ. ಚರಿತ್ರೆಯು ಹಾಗೆ ಹೇಳುವುದಿಲ್ಲ. ಕೆನನ್ 1987ರಲ್ಲಿ ಇಎಫ್ ಮೌಂಟನ್ನು ತಂದಾಗ, ಅದಕ್ಕೆ ಹಿಂದಿನ ಎಫ್‌ಡಿ ಲೆನ್ಸುಗಳನ್ನು ಕೊಂಡಿದ್ದವರು ಕೈ ಬಿಟ್ಟಂತಾದರು. ನಿಕಾನ್ 1959ರ ಎಫ್ ಮೌಂಟನ್ನು ಬಹುಕಾಲ ಉಳಿಸಿಕೊಂಡಿತು, ನಿಜ. ಆದರೂ 2018ರಲ್ಲಿ ಜೆಡ್ ಮೌಂಟ್ ಬಂದಾಗ ಅದರೊಂದಿಗೆ ಕೊಟ್ಟ ಅಡಾಪ್ಟರಿನೊಳಗೆ ಮೋಟಾರು ಇರಲಿಲ್ಲ. ಆದುದರಿಂದ ನಮ್ಮ ಕಡೆಯ ಎಷ್ಟೋ ಸ್ಟುಡಿಯೋಗಳಲ್ಲಿ ಕಾಣುವ 50 ಮಿಲಿಮೀಟರಿನ ಎಎಫ್-ಡಿ ಲೆನ್ಸಿಗೆ ಅದರ ಮೇಲೆ ಕೈಯಿಂದಲೇ ಫೋಕಸ್ ಮಾಡಬೇಕು. ಅದೇ ವರ್ಷ ಕೆನನ್ ತಂದ ಆರ್‌ಎಫ್ ಮೌಂಟಿನಲ್ಲಿಯಾದರೋ ಹಳೆಯ ಇಎಫ್ ಲೆನ್ಸುಗಳು ಅಡಾಪ್ಟರಿನ ಮೂಲಕ ಮೊದಲಿನಂತೆಯೇ ಕೆಲಸ ಮಾಡುತ್ತವೆ. ಕೋನಿಕಾ ಮಿನೋಲ್ಟಾ ಕಂಪೆನಿಯಂತೂ 2006ರಲ್ಲಿ ಕ್ಯಾಮರದ ವ್ಯಾಪಾರವನ್ನೇ ಬಿಟ್ಟು ಸೋನಿಗೆ ಒಪ್ಪಿಸಿತು. ಇವುಗಳಿಗೆ ಭಿನ್ನವಾಗಿ ಎರಡು ಮೂರು ಕಂಪೆನಿಗಳು ಕೂಡಿ ಒಂದೇ ಮೌಂಟನ್ನು ಅಂಗೀಕರಿಸಿದ್ದೂ ಉಂಟು: 2008ರಲ್ಲಿ ಒಲಿಂಪಸ್ ಮತ್ತು ಪ್ಯಾನಸೋನಿಕ್, 2018ರಲ್ಲಿ ಲೈಕಾ, ಪ್ಯಾನಸೋನಿಕ್ ಮತ್ತು ಸಿಗ್ಮಾ. ಅಲ್ಲಿ ಕಂಪೆನಿಯನ್ನು ಬೆರಸಿದರೆ ಬಾಧಕವಿಲ್ಲ. ನೋಡಬೇಕಾದುದು ಕ್ಯಾಮರದ ಹಣೆಯ ಮೇಲಿನ ಹೆಸರನ್ನಲ್ಲ, ಬಾಯಿಯ ಬಳೆಯನ್ನು.

ಅಂಗಡಿಯವರು ಸಾಮಾನ್ಯವಾಗಿ ಹೇಳದೆ ಬಿಡುವ ಸಂಗತಿಯೊಂದು ಕೈಯ ಅಭ್ಯಾಸ. ನಿಕಾನ್ ಲೆನ್ಸನ್ನು ತಿರುಗಿಸಿ ಕೂಡಿಸುವ ದಿಕ್ಕು ಕೆನನಿನದಕ್ಕೆ ವಿರುದ್ಧ. ಫೋಕಸಿನ ಬಳೆಯೂ ಹಾಗೆಯೇ. ಹತ್ತು ವರ್ಷ ಒಂದೇ ದಿಕ್ಕಿಗೆ ತಿರುಗಿಸಿದ ಬೆರಳು ಅವಸರದಲ್ಲಿ ಬುದ್ಧಿಯ ಮಾತನ್ನು ಕೇಳುವುದಿಲ್ಲ. ಒಬ್ಬರೇ ಎರಡು ಕ್ಯಾಮರಗಳನ್ನು ಹೆಗಲಿಗೆ ಹಾಕಿಕೊಂಡು ಓಡಾಡುವುದಾದರೆ ಇದೇ ದೊಡ್ಡ ಅಡ್ಡಿಯೆಂದು ನಮ್ಮ ಅಭಿಪ್ರಾಯ. ಗಂಡಹೆಂಡಿರೋ ಅಕ್ಕತಂಗಿಯರೋ ಇಬ್ಬರು ಒಂದೊಂದನ್ನು ಹಿಡಿಯುವುದಾದರೆ ಇದು ಲೆಕ್ಕಕ್ಕೆ ಬಾರದು.

ಫ್ಲ್ಯಾಶಿನ ನಡುಬಿಂದು ಹೆಚ್ಚಿನ ಕ್ಯಾಮರಗಳಿಗೆ ಸಮಾನವಾದುದರಿಂದ ಬೇರೆ ಕಂಪೆನಿಯ ಫ್ಲ್ಯಾಶೂ ಬೆಳಗುವುದು. ಆದರೆ ಬೆಳಕನ್ನು ತಾನೇ ಅಳೆದು ಕೊಡುವ ಗುಣವನ್ನು ಅದು ಕಳೆದುಕೊಳ್ಳುವುದು. ಮೆಮೊರಿ ಕಾರ್ಡಿನಲ್ಲಿ ಎಸ್‌ಡಿ ಎಲ್ಲರಿಗೂ ಬಂಧು. ಬೆಲೆ ಹೆಚ್ಚಿದ ಸಿಎಫ್‌ಎಕ್ಸ್‌ಪ್ರೆಸ್ ಕಾರ್ಡುಗಳಲ್ಲಿ ಸೋನಿಯವರದು ಎ, ನಿಕಾನ್ ಕೆನನ್‌ಗಳದು ಬಿ. ಒಂದು ಇನ್ನೊಂದರ ಗೂಡಿಗೆ ಹೋಗದು. ಬ್ಯಾಟರಿ ಮತ್ತು ಚಾರ್ಜರುಗಳ ಮಾತನ್ನು ಹೇಳುವುದೇ ಬೇಡ. ಟ್ರೈಪಾಡಿನ ಕಾಲಿಂಚಿನ ತಿರುಪೊಂದೇ ಜಾತಿಭೇದವಿಲ್ಲದೆ ಎಲ್ಲರನ್ನೂ ಹೊರುವುದು.

ಬಣ್ಣದ ವಿಷಯದಲ್ಲಿ ತಾಯಂದಿರೇ ಒಳ್ಳೆಯ ಪರೀಕ್ಷಕರು. ನಮ್ಮ ಶಾಲೆಯ ಕ್ರೀಡೋತ್ಸವದ ಚಿತ್ರಗಳನ್ನು ಎರಡು ಕಂಪೆನಿಗಳ ಕ್ಯಾಮರಗಳಲ್ಲಿ ತೆಗೆಸಿದಾಗ, ಒಂದೇ ನೀಲಿ ಲಂಗವು ಎರಡು ಬಗೆಯ ನೀಲಿಯಾದುದನ್ನು ಮೊದಲು ಕಂಡವರು ಅವರೇ. ಮದುವೆಯ ಆಲ್ಬಮ್ಮಿನಲ್ಲಿ ಎದುರುಬದುರು ಪುಟಗಳಲ್ಲಿ ಮದುಮಗಳ ಮುಖದ ಬಣ್ಣ ಬದಲಾದರೆ ಅದನ್ನು ಯಾರು ಒಪ್ಪುವರು? ಇದಕ್ಕೆ ಪರಿಹಾರವುಂಟು. ಎರಡೂ ಕ್ಯಾಮರಗಳಲ್ಲಿ ರಾ ಕಡತಗಳನ್ನೇ ತೆಗೆಯಬೇಕು. ಬೆಳಕು ಬದಲಾದಾಗಲೆಲ್ಲಾ ಬೂದುಬಣ್ಣದ ರಟ್ಟನ್ನು ಎರಡರಿಂದಲೂ ಒಮ್ಮೆ ಹಿಡಿಯಬೇಕು. ಹೊಸ ಕ್ಯಾಮರದ ಕಡತವನ್ನು ಮನೆಯ ಹಳೆಯ ಕಂಪ್ಯೂಟರು ತೆರೆಯುವುದೋ ಎಂದು ಮೊದಲೇ ನೋಡತಕ್ಕದ್ದು. ಎರಡರ ಗಡಿಯಾರಗಳನ್ನೂ ಬೆಳಿಗ್ಗೆಯೇ ಸರಿಹೊಂದಿಸಬೇಕು; ಇಲ್ಲದಿದ್ದರೆ ಕಂಪ್ಯೂಟರಿನಲ್ಲಿ ಊಟವು ಧಾರೆಗಿಂತ ಮುಂಚೆ ನಡೆದಿರುವುದು!

ನಮ್ಮ ಜಿಲ್ಲೆಗೆ ವಿಶೇಷವಾದ ಕಾರಣವೊಂದಿದೆ; ಅದು ಮಳೆ. ಮದುವೆಗಳಿಲ್ಲದ ಆಟಿ ತಿಂಗಳಲ್ಲಿ ಪೆಟ್ಟಿಗೆಯೊಳಗೆ ಸುಮ್ಮನೆ ಕುಳಿತ ಲೆನ್ಸಿನ ಗಾಜಿಗೆ ಬೂಷ್ಟು ಹಿಡಿಯುವುದನ್ನು ಕಾಣದ ಛಾಯಾಗ್ರಾಹಕರು ಈ ಕಡೆಯಲ್ಲಿ ಇರಲಾರರು. ಎರಡು ಕಂಪೆನಿಗಳ ಲೆನ್ಸುಗಳನ್ನು ಇಟ್ಟುಕೊಂಡರೆ ಯಾವುದಾದರೂ ನಾಲ್ಕು ಬಳಕೆಯಿಲ್ಲದೆ ಉಳಿಯುವುವು. ಉಪಯೋಗಿಸದ ಲೆನ್ಸು ಇಲ್ಲಿ ಆಸ್ತಿಯಲ್ಲ. ಗಾಳಿಯಾಡದ ಡಬ್ಬವನ್ನೂ ಸಿಲಿಕಾ ಜೆಲ್ಲನ್ನೂ ಇಟ್ಟುಕೊಳ್ಳಬೇಕು. ಹೆಚ್ಚಾದುವನ್ನು ಗಾಜು ನಿರ್ಮಲವಾಗಿರುವಾಗಲೇ ಮಾರಿಬಿಡುವುದು ಲೇಸು.

ಹಾಗಾದರೆ ನಮ್ಮ ಸಲಹೆಯೇನು? ಇಎಫ್ ಲೆನ್ಸುಗಳು ಚೆನ್ನಾಗಿರುವ ಮನೆಯವರು ಆರ್‌ಎಫ್ ಕ್ಯಾಮರವನ್ನೂ ಅಡಾಪ್ಟರನ್ನೂ ಕೊಂಡು ಲೆನ್ಸುಗಳನ್ನು ನಿಧಾನವಾಗಿ ಬದಲಿಸುವುದು ಕಡಿಮೆ ಅಪಾಯದ ದಾರಿ. ಇನ್ನೊಂದು ಕಂಪೆನಿಯನ್ನೇ ಬಯಸುವವರು ಕ್ಯಾಮರವೊಂದನ್ನೇ ತರದೆ, ಅದಕ್ಕೆ ಸ್ವಂತದ ಒಂದು ಸಾಮಾನ್ಯ ಲೆನ್ಸನ್ನೂ ಫ್ಲ್ಯಾಶನ್ನೂ ಕೂಡಿಸಿಯೇ ಹಣದ ಲೆಕ್ಕ ಹಾಕಲಿ. ಆಗ ಒಂದು ಕೆಟ್ಟರೂ ಇನ್ನೊಂದು ಪೂರ್ಣವಾದ ಜೋಡಿಯಾಗಿ ಮದುವೆಯನ್ನು ಮುಗಿಸಬಲ್ಲುದು. ಒಂದು ಚಿತ್ರಕ್ಕೂ ಒಂದು ವೀಡಿಯೋಕ್ಕೂ ಎಂದು ಕೆಲಸವನ್ನು ಹಂಚಿದವರಿಗೆ ಬೆರಕೆಯಿಂದ ತೊಂದರೆ ಅತ್ಯಲ್ಪ. ನೆರೆಯ ಸ್ಟುಡಿಯೋದವರಲ್ಲಿ ಯಾವ ಮೌಂಟ್ ಇದೆಯೆಂಬುದನ್ನೂ ವಿಚಾರಿಸತಕ್ಕದ್ದು. ವೇಣೂರಿನಲ್ಲಿ 2024ರಲ್ಲಿ ನಡೆದಂಥ ಮಹಾಮಸ್ತಕಾಭಿಷೇಕಕ್ಕೆ 35 ಅಡಿಯ ಮೂರ್ತಿಯ ಮುಖವನ್ನು ದೂರದಿಂದ ಹಿಡಿಯಲು ಉದ್ದನೆಯ ಲೆನ್ಸು ಬೇಕಾದಾಗ, ಕೊಂಡು ತರುವುದಕ್ಕಿಂತ ಕೇಳಿ ತರುವುದು ಸುಲಭ.

ಅಂಗಡಿಗೆ ಹೋಗುವಾಗ ಮನೆಯ ಲೆನ್ಸು, ಫ್ಲ್ಯಾಶ್, ಕಾರ್ಡು ಇವುಗಳನ್ನು ಚೀಲದಲ್ಲಿ ಹಾಕಿಕೊಂಡೇ ಹೋಗಬೇಕು. ಬಾಗಿಲಲ್ಲಿ ನಿಂತು ದೂರದ ಮರವನ್ನೂ, ಒಳಗೆ ಬಂದು ಮೂಲೆಯ ಕತ್ತಲಲ್ಲಿ ನಡೆದಾಡುವ ಮನುಷ್ಯನನ್ನೂ ಹತ್ತಿಪ್ಪತ್ತು ಸಲ ತೆಗೆದು, ಚಿತ್ರವನ್ನು ದೊಡ್ಡದು ಮಾಡಿ ಕಣ್ಣುಗಳು ಸ್ಪಷ್ಟವಾಗಿವೆಯೋ ಎಂದು ನೋಡಿದ ಮೇಲೆಯೇ ಹಣವನ್ನು ಎಣಿಸುವುದು.