ಕುಳಗೇರಿ ಕ್ರಾಸಿನ ಮಾಗಿಯಿರುಳು

ಹುಬ್ಬಳ್ಳಿಯಿಂದ ವಿಜಯಪುರಕ್ಕೆ ಹೋಗುವ ಹೆದ್ದಾರಿಯಲ್ಲಿ, ನರಗುಂದ ಕೊಣ್ಣೂರುಗಳನ್ನು ದಾಟಿದ ಮೇಲೆ, ಬಾದಾಮಿಯ ದಾರಿ ಕವಲೊಡೆಯುವ ತಾಣವೇ ಕುಳಗೇರಿ ಕ್ರಾಸು. ಹಗಲಲ್ಲಿ ಅದು ಬಸ್ಸು ಬದಲಿಸುವವರ ಊರು. ಮಾಗಿಯ ನಡುರಾತ್ರಿಯಲ್ಲಿ ಲಾರಿಗಳ ಊರು. ಈ ಎರಡನೆಯ ಊರು ನನ್ನ ಕಣ್ಣಿಗೆ ಬಿದ್ದದ್ದು ಕೊನೆಯ ಬಸ್ಸು ತಪ್ಪಿದ ಒಂದು ಪುಷ್ಯಮಾಸದ ರಾತ್ರಿ.

ಹಿಮ ಬೀಳುವ ನಾಡು ನಮ್ಮದಲ್ಲ, ನಿಜ. ಆದರೆ ಎರೆಯ ಬಯಲಿನ ಚಳಿಯನ್ನು ಹಗುರವಾಗಿ ಎಣಿಸಲಾಗದು. ಗಾಳಿ ಒಣಗಿ ಆಕಾಶ ನಿರಭ್ರವಾಗಿದ್ದಾಗ, ಹಗಲೆಲ್ಲ ನೆಲ ಕೂಡಿಟ್ಟ ಕಾವು ತಡೆಯುವವರಿಲ್ಲದೆ ಸೋರಿಹೋಗುತ್ತದೆ. ಚಹದಂಗಡಿಯ ಒಲೆ ಆರಿತ್ತು. ನಾನು ನಡುಗುತ್ತ ನಿಂತಿದ್ದೆ.

"ಥಂಡಿಯೊಳಗ ಯಾಕ ನಿಂತೀರಿ ಸರ, ಮ್ಯಾಲ ಬರ್ರಿ" ಎಂದು ಸೊಲ್ಲಾಪುರಕ್ಕೆ ಉಳ್ಳಾಗಡ್ಡಿ ಒಯ್ಯುತ್ತಿದ್ದ ಚಾಲಕನೊಬ್ಬ ಕರೆದ.

ಹಳೆಯ ಮಾದರಿಯ ಲಾರಿ. ಆಸನದ ಹಿಂದೆ ಒಬ್ಬಾಳು ಮಲಗುವಷ್ಟು ಹಲಗೆ. ಅದರ ಮೇಲೆ ಹಳೆಯ ಸೀರೆಗಳ ಕೌದಿ, ಒಂದು ಕರಿಯ ಕಂಬಳಿ. ಮೂಲೆಯಲ್ಲಿ ರೊಟ್ಟಿಯ ಗಂಟು, ಶೇಂಗಾ ಚಟ್ನಿಯ ಡಬ್ಬಿ. ಎಂಜಿನ್ನಿನ ಮೇಲೆ ಉಬ್ಬಿಕೊಂಡಿದ್ದ ಬಾನೆಟ್ಟನ್ನು ತಬ್ಬಿ ಕ್ಲೀನರ್ ಹುಡುಗ ನಿದ್ರಿಸುತ್ತಿದ್ದ. "ಬಂಡಿ ನಿಂತ ಮ್ಯಾಲ ಎರಡು ತಾಸು ಅದು ಬೆಚ್ಚಗಿರತೈತ್ರಿ. ಸಣ್ಣ ಹುಡುಗ, ಮಲಗಲಿ ಬಿಡ್ರಿ" ಎಂದ.

ಗಾಜು ಏರಿಸಿದರೆ ಮೂವರ ಉಸಿರು ತಗಡಿಗೆ ತಾಗಿ ತಣ್ಣಗಾಗಿ ಹನಿಯಾಗಿ ಕೊರಳ ಮೇಲೆ ಬೀಳುತ್ತಿತ್ತು. ಇಳಿಸಿದರೆ ಗಾಳಿ ಕತ್ತಿಯಂತೆ ಒಳನುಗ್ಗುತ್ತಿತ್ತು. ಕೆಂಡದ ಶಿಗಡಿಯೊಂದನ್ನು ಒಳಗೆ ಇಟ್ಟುಕೊಳ್ಳಬಾರದೇ ಎಂದೆ. ಕಾವ್ಯ ಪಾಠ ಹೇಳುವವನ ಲೋಕಜ್ಞಾನ ಅಷ್ಟೇ ಎಂದುಕೊಳ್ಳಿ! "ಹಂಗ ಮಾಡಿದರ ಮುಂಜಾನೆ ಹೆಣ ಇಳಸಬೇಕಾಗತೈತ್ರಿ ಸರ" ಎಂದು ಅವನು ನಕ್ಕ. ಮುಚ್ಚಿದ ಗೂಡಿನಲ್ಲಿ ಇದ್ದಿಲು ಉರಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವನನ್ನು ಅದು ಎಬ್ಬಿಸದೆಯೇ ಕೊಲ್ಲುತ್ತದೆ.

ಇದೇ ಪುಷ್ಯದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆಗೆ ಹೋಗುವ ಎತ್ತಿನ ಬಂಡಿಗಳೂ ಚಕ್ರದ ಮೇಲಿನ ಮನೆಗಳೇ ಅಲ್ಲವೇ? ಅಲ್ಲಿ ಕೆಳಗೆ ಹುಲ್ಲು, ಮೇಲೆ ಕೌದಿ, ಪಕ್ಕದಲ್ಲಿ ಮನೆಮಂದಿಯೆಲ್ಲ. ಆ ವಾಸಕ್ಕೆ ನಾಲ್ಕಾರು ದಿನಗಳ ಗಡುವುಂಟು. ಈತನಾದರೋ ತಿಂಗಳಲ್ಲಿ ಇಪ್ಪತ್ತು ರಾತ್ರಿ ಹೀಗೆಯೇ ಕಳೆಯುತ್ತಾನಂತೆ.

1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ, ರಾತ್ರಿ ತಂಗಬೇಕಾದ ಕಡೆಯಲ್ಲಿ ಕಾರ್ಮಿಕರಿಗೆ ವಿಶ್ರಾಂತಿ ಕೊಠಡಿ ಇರಬೇಕೆಂದು ವಿಧಿಸಿತ್ತು. ಆದರೆ ಅದು ಅನ್ವಯಿಸುತ್ತಿದ್ದದ್ದು ಐವರು ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿದ್ದ ಸಂಸ್ಥೆಗಳಿಗೆ. ಒಂದು ಲಾರಿ, ಇಬ್ಬರು ಆಳುಗಳಿದ್ದಲ್ಲಿ ಅದು ಕಾಲಿಡಲೇ ಇಲ್ಲ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಭಾರಿ ಲಾರಿಗಳ ಚಾಲಕನ ಕೋಣೆಗೆ ಹವಾನಿಯಂತ್ರಣ ಕಡ್ಡಾಯವಾಗಿದೆ. ನಮ್ಮ ಬೇಸಗೆಗೆ ಅದು ದೊಡ್ಡ ಉಪಕಾರವೇ ಸರಿ. ಹಳೆಯ ಲಾರಿಗಳಿಗೆ ಅದಿಲ್ಲ. ನಿಂತ ಲಾರಿಯನ್ನು ರಾತ್ರಿಯಿಡೀ ಬೆಚ್ಚಗಿಡಲು ಎಂಜಿನ್ನು ನಡೆಸೋಣವೆಂದರೆ ಡೀಸೆಲ್ಲಿನ ಲೆಕ್ಕ ಯಾರು ಕೊಡಬೇಕು? ನಿದ್ದೆಗೆಟ್ಟ ಕಣ್ಣು ಬೆಳಗಿನ ಜಾವ ರಸ್ತೆಯ ಮೇಲೆ ಏನು ಮಾಡೀತೆಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ನಾಲ್ಕು ಗಂಟೆಗೆ ಬಾನೆಟ್ಟು ಕಲ್ಲಿನಂತೆ ತಣ್ಣಗಾಗಿತ್ತು. ಚಾಲಕ ತನ್ನ ಕಂಬಳಿಯನ್ನು ಹುಡುಗನಿಗೆ ಹೊದಿಸಿ, ಮುಖ ತೊಳೆಯಲು ಕೆಳಗಿಳಿದ. ಕೌದಿ ಯಾರು ಹೊಲಿದದ್ದೆಂದು ಕೇಳಿದೆ.

"ನಮ್ಮವ್ವರಿ. ಈ ವರ್ಷ ಇನ್ನೊಂದು ಹೊಲೀತೀನಿ ಅಂದಾಳ, ಹುಡುಗಗ."

ಲಾರಿಯ ಕೆಂಪು ದೀಪ ಕೆರೂರಿನ ಕಡೆಯ ಕತ್ತಲೆಯಲ್ಲಿ ಕರಗಿತು. ಬಾದಾಮಿಯ ಮೊದಲ ಬಸ್ಸಿಗೆ ಇನ್ನೂ ಹೊತ್ತಿತ್ತು.